ವ್ಯಾನಿಗೆಂದು ತಂದ ಅಸ್ತರ

ನಾಸಿಕದ ನಮ್ಮ ಓಣಿಯಲ್ಲಿ ರತ್ನಾಕರರನ್ನು ಗುರುತಿಸುವುದು ಕಷ್ಟವಾಗಿರಲಿಲ್ಲ. ಗೋಡೆಯನ್ನೋ ಬಾಗಿಲನ್ನೋ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಹಚ್ಚಿ ಕೇಳುತ್ತಿರುವ ಎತ್ತರದ ಮನುಷ್ಯ ಕಂಡರೆ ಅವರೇ. ಊರು ಬೀದರ ಜಿಲ್ಲೆಯ ಭಾಲ್ಕಿ. ಓಝರ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ, ವಿಮಾನದ ಒಳಮೈಗೆ ಶಾಖವನ್ನೂ ಸದ್ದನ್ನೂ ತಡೆಯುವ ಪದರ ಹಾಕುವ ಕೆಲಸ ಮಾಡಿ ನಿವೃತ್ತರಾದವರು. ಎಲ್ಲಿ ಪೊಳ್ಳು, ಎಲ್ಲಿ ಗಟ್ಟಿ ಎಂಬುದನ್ನು ಆ ಗೆಣ್ಣೇ ಅವರಿಗೆ ಹೇಳುತ್ತಿತ್ತು.

ಅಂಥ ಮನುಷ್ಯನಿಗೆ ಹೊಟ್ಟೆಕಿಚ್ಚು ಹತ್ತಿದ್ದು ಹೆಂಡತಿಯ ತಮ್ಮನ ವ್ಯಾನಿನಿಂದ.

ಹಳೆಯ ವ್ಯಾನೊಂದನ್ನು ಕೊಂಡು, ಒಳಗೆ ಮಂಚ, ಒಲೆ, ನೀರಿನ ಟಾಕಿ ಇಟ್ಟು, ಊರೂರು ತಿರುಗಬೇಕೆಂಬ ವಿಚಾರ ಮೊದಲು ಹೊಳೆದದ್ದು ರತ್ನಾಕರರಿಗೇ. ವ್ಯಾನೂ ಬಂದು ಅಂಗಳದಲ್ಲಿ ನಿಂತಿತ್ತು. ಗೋಡೆಗೆ ಯಾವ ಪದರ ಹಾಕುವುದೆಂದು ಅವರು ವರ್ಷವಿಡೀ ಯೋಚಿಸುತ್ತ ಕುಳಿತಾಗ, ಸಂಭಾಜಿನಗರದಲ್ಲಿ ಬಟ್ಟೆಯಂಗಡಿ ಇಟ್ಟಿರುವ ಭಾವಮೈದುನ ಗುರುಪ್ರಸಾದ ತಾನೂ ಒಂದು ವ್ಯಾನು ಕೊಂಡು, ಎಲ್ಲವನ್ನೂ ಮಾಡಿ ಮುಗಿಸಿ, ಏಪ್ರಿಲ್ ಬಿಸಿಲಿನಲ್ಲಿ ಅಕ್ಕ ಜಗದೇವಿಯವರನ್ನು ಪೈಠಣಕ್ಕೆ ಕರೆದುಕೊಂಡು ಹೋಗಿ ಬಂದೂಬಿಟ್ಟ.

ಜಗದೇವಿಯವರು ಚಪ್ಪಲಿ ಬಿಡುವ ಮೊದಲೇ ಹೊಗಳಿಕೆ ಶುರುವಾಯಿತು. "ಹೊರಗ ಬೆಂಕಿ ಸುರೀಲತ್ತಿತ್ತು, ಒಳಗ ತಂಪಂದ್ರ ತಂಪ. ಡಬ್ಬ್ಯಾಗಿನ ಎಲಿ ಸೈತ ಬಾಡಿಲ್ಲ, ನೋಡ್ರಿ," ಎಂದು ವೀಳ್ಯದೆಲೆಯ ಡಬ್ಬಿಯನ್ನು ಗಂಡನ ಮೂಗಿನ ಕೆಳಗೆ ಹಿಡಿದರು. ರತ್ನಾಕರರು ಆ ದಿನ ಎಲೆ ಹಾಕಿಕೊಳ್ಳಲಿಲ್ಲ.

ಮೇ ಕೊನೆಗೆ ಭಾಲ್ಕಿಯಲ್ಲಿ ಜಗದೇವಿಯವರ ಅಣ್ಣನ ಮಗಳ ಮದುವೆ ಇತ್ತು. ಎರಡೂ ವ್ಯಾನುಗಳು ಹೋಗುವುದೆಂದು ಮಾತಾಯಿತು. ನೀನು ಯಾವುದರಲ್ಲಿ ಕೂಡುತ್ತೀ ಎಂದು ರತ್ನಾಕರರು, ಏನೋ ಸುಮ್ಮನೆ ಕೇಳುವವರ ಹಾಗೆ, ಹೆಂಡತಿಯನ್ನು ಕೇಳಿದರು. ಯಾವುದು ತಂಪಾಗಿರುತ್ತದೋ ಅದರಲ್ಲಿ ಎಂದು ಆಕೆ ಜೋಳದ ಹಿಟ್ಟು ನಾದುತ್ತಲೇ ಉತ್ತರ ಕೊಟ್ಟರು. ರತ್ನಾಕರರ ನಿದ್ದೆ ಹೋದದ್ದು ಆ ಉತ್ತರದಿಂದ. ಮದುವೆಗೆ ಬಂದ ಬೀಗರ ಮುಂದೆ, ತನ್ನ ವ್ಯಾನು ಹಿಂದೆ ಖಾಲಿ ಬರುತ್ತಿದ್ದರೆ, ಹೆಂಡತಿ ತಮ್ಮನ ವ್ಯಾನಿನಿಂದ ಇಳಿಯುವ ಚಿತ್ರ ಅವರ ಕಣ್ಣಿಗೆ ಕಟ್ಟಿತು.

ಏನೋ ನೆಪ ಮಾಡಿಕೊಂಡು ಸಂಭಾಜಿನಗರಕ್ಕೆ ಹೋದರು. ಗುರುಪ್ರಸಾದ ಚಹಾ ತರಲು ಒಳಗೆ ಹೋದಾಗ ಅವನ ವ್ಯಾನಿನ ಗೋಡೆ, ಬಾಗಿಲು, ಮಾಳಿಗೆ ಎಲ್ಲವನ್ನೂ ತಟ್ಟಿ ನೋಡಿದರು. ಒಂದು ಕಡೆಯಾದರೂ ಪೊಳ್ಳು ಸದ್ದು ಬಂದಿದ್ದರೆ ಅವರ ಜೀವ ತಣ್ಣಗಾಗುತ್ತಿತ್ತು. ಬರಲಿಲ್ಲ. ತಗಡಿಗೆ ಒತ್ತಾಗಿ ರಬ್ಬರಿನ ದಪ್ಪ ಹಾಳೆ ಅಂಟಿಸಿದ್ದ. ಗುರುಪ್ರಸಾದ ಚಹಾ ಕೊಡುತ್ತ, "ಎಲ್ಲಾ ನಿಮ್ಮ ವಿದ್ಯಾನೇ, ಮಾವಾ. ನೀರು ಹಿಡೀಬಾರ್ದು, ಸಂದಿ ಬಿಡಬಾರ್ದು ಅಂತ ನೀವೇ ಹೇಳಿದ್ರಲ್ಲ," ಎಂದ. ಅವನು ನಿಜವಾಗಿಯೂ ಕೃತಜ್ಞತೆಯಿಂದ ಹೇಳಿದ್ದ. ಅದಕ್ಕೇ ಅದು ಹೆಚ್ಚು ಚುಚ್ಚಿತು.

ಥರ್ಮಾಕೋಲು ಅಗ್ಗ, ಆದರೆ ರಸ್ತೆಯ ಕುಲುಕಾಟಕ್ಕೆ ಕಿರುಗುಟ್ಟಿ ಪುಡಿಯಾಗುತ್ತದೆ. ವ್ಯಾನಿಗೆ ಸರಿಯಾದದ್ದು ರಬ್ಬರಿನ ಹಾಳೆಯೇ ಎಂದು ರತ್ನಾಕರರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಗುರುಪ್ರಸಾದ ಹಾಕಿದ್ದನ್ನೇ ತಾನೂ ಹಾಕುವುದೇ? ಹಾಗಾಗಿ ಅವರು ಕಾರ್ಖಾನೆಯಲ್ಲಿ ಕೈ ಪಳಗಿದ್ದ ಗಾಜಿನ ಉಣ್ಣೆಯನ್ನು ತಂದರು. ಕೈಗವಸು ತೊಟ್ಟು, ಮುಖಕ್ಕೆ ಬಟ್ಟೆ ಕಟ್ಟಿ, ಉಣ್ಣೆಯನ್ನು ಅಳತೆಗೆ ಕತ್ತರಿಸಿ, ನೀರು ತಾಗದಂತೆ ಬೆಳ್ಳಿಬಣ್ಣದ ಹಾಳೆಯ ಚೀಲಗಳಲ್ಲಿ ಮುಚ್ಚಿದರು. ಕೆಲಸ ನೋಡಲು ಚೆಂದವಿತ್ತು. ವಿಮಾನದಲ್ಲಾದರೆ ಅಂಥ ಒಂದೊಂದು ಚೀಲಕ್ಕೂ ತನ್ನದೇ ಕೊಂಡಿ ಇರುತ್ತಿತ್ತು. ಕೊಂಡಿ ಮಾಡುತ್ತ ಕೂಡಲು ಹೊಟ್ಟೆಕಿಚ್ಚು ಪುರಸೊತ್ತು ಕೊಡಲಿಲ್ಲ. ಅಂಟು ಬಳಿದು ಮಾಳಿಗೆಗೆ ಮೆತ್ತಿ, ಕೆಳಗೆ ತೆಳ್ಳನೆಯ ಪ್ಲೈವುಡ್ ಬಡಿದುಬಿಟ್ಟರು.

ಹೆಂಡತಿಯನ್ನು ಕೂಡಿಸಿಕೊಂಡು ಯೇವಲೆಯ ಕಡೆಗೆ ಒಂದು ಸುತ್ತು ಹೊರಟರು. ಮಧ್ಯಾಹ್ನದ ಬಿಸಿಲಿಗೆ ತಗಡು ಕಾದು, ಅಂಟು ಕರಗಿ, ಚೀಲಗಳೆಲ್ಲ ಜಾರಿ ನಡುವೆ ಕೂಡಿಕೊಂಡವು. ಮಾಳಿಗೆಯ ಪ್ಲೈವುಡ್ ಕೆಳಗೆ ಉಬ್ಬಿ ಜಗದೇವಿಯವರ ತುರುಬಿಗೆ ತಾಗಿತು. ಆಕೆ ತಲೆ ಬಗ್ಗಿಸಿಕೊಂಡು ಅದನ್ನು ನೋಡಿದರು.

"ಇದಕ್ಕೀಗ ಎಷ್ಟನೇ ತಿಂಗಳ್ರೀ?"

ಮನೆಗೆ ಬಂದ ಕೂಡಲೇ ರತ್ನಾಕರರು ಅಂಗಳದಲ್ಲಿ ಎಲ್ಲವನ್ನೂ ಕಿತ್ತು, ಚೀಲಗಳನ್ನು ಗೋಡೆಗೆ ಒಟ್ಟಿದರು. ಜಗದೇವಿಯವರು ತಮ್ಮನಿಗೆ ಫೋನು ಮಾಡಿದ್ದರೆಂಬುದು ಅವರಿಗೆ ತಿಳಿದದ್ದು, ಗುರುಪ್ರಸಾದ ರಬ್ಬರಿನ ಹಾಳೆಯ ಸುರುಳಿಗಳನ್ನು ತನ್ನ ವ್ಯಾನಿನಲ್ಲಿ ಹೇರಿಕೊಂಡು ಬಂದು ಬಾಗಿಲಲ್ಲಿ ನಿಂತಾಗ. ಮದುವೆಗೆ ಇನ್ನೂ ನಾಲ್ಕಾರು ದಿನ ಇದೆ, ಇಬ್ಬರೂ ಕೂಡಿ ಅಂಟಿಸಿದರೆ ಮುಗಿಯುತ್ತದೆ ಎಂದ. ರತ್ನಾಕರರು ಸುರುಳಿಗಳನ್ನು ಇಳಿಸಿಕೊಂಡು ಗೋಡೆಗೆ ಆನಿಸಿಟ್ಟರು.

ಮೊದಲು ಊಟಕ್ಕೆ ಕುಳಿತರು. ಅವರ ಅಡಿಗೆಮನೆ ಹಿತ್ತಲಿಗೆ ತಗಡು ಹೊದಿಸಿ ಮಾಡಿದ್ದು, ಪಡುವಣ ಬಿಸಿಲು ನೇರ ಮೇಲೆ ಬೀಳುತ್ತಿತ್ತು. ಎರಡು ತುತ್ತು ಉಣ್ಣುವಷ್ಟರಲ್ಲಿ ಗುರುಪ್ರಸಾದನ ಅಂಗಿ ತೊಯ್ದು ಬೆನ್ನಿಗೆ ಹತ್ತಿತು. ವ್ಯಾನಿನಲ್ಲಿ ಕುಳಿತು ಉಣ್ಣುತ್ತೇನೆಂದು ಅವನು ತಾಟು ಹಿಡಿದು ಎದ್ದ.

"ಹೋಗಪ್ಪ, ನೀ ಹೋಗಿ ಕುಂದ್ರು," ಎಂದರು ಜಗದೇವಿಯವರು, ಹಂಚಿನ ಮೇಲಿನ ರೊಟ್ಟಿ ತಿರುವುತ್ತ. "ನನಗ ರೂಢಿ ಆಗ್ಯಾದ. ನಿಮ್ಮ ಮಾವಾರು ಜನ್ಮ ಪೂರಾ ವಿಮಾನಕ್ಕ ಅಸ್ತರ ಹಾಕ್ಯಾರ. ಈ ತಗಡ ಅವರ ಕಣ್ಣಿಗಿ ಬಿದ್ದಿಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ, ಉಪ್ಪು ಕಡಿಮೆಯಾಗಿದೆ ಎನ್ನುವ ಹಾಗೆ ಹೇಳಿದರು. ಬಾಗಿಲಿಗೆ ಹೋಗಿದ್ದ ಗುರುಪ್ರಸಾದ ತಿರುಗಿ ನಿಂತ.

"ಹಾಳಿ ಭಾಳ ಉಳೀತಾವ ಅಕ್ಕಾ. ಇದಕ್ಕೂ ನಾನೇ ಹಚ್ಚಿ ಹೋಗ್ತೀನಿ."

ರತ್ನಾಕರರು ತುತ್ತು ಬಿಟ್ಟು ಎದ್ದರು. "ಒಲಿ ಮ್ಯಾಲ ರಬ್ಬರ ಹಚ್ತಾರೇನು? ಕಿಡಿ ಹಾರಿದ್ರ ಹೊತ್ತಿಕೊಂತದ. ನೀ ಇದನ್ನ ಮುಟ್ಟಬ್ಯಾಡ. ಇದು ನನ್ನ ಮನಿ."

ಕೈ ತೊಳೆದು ತಗಡನ್ನು ಗೆಣ್ಣಿನಿಂದ ತಟ್ಟಿದರು. ಬಿಸಿಗೆ ಬೆರಳು ಚುರ್ರೆಂದಿತು. ಬಹಳ ಹೊತ್ತು ಆ ಬೆರಳನ್ನು ಬಾಯಲ್ಲಿಟ್ಟುಕೊಂಡು ಮೇಲೆಯೇ ನೋಡುತ್ತ ನಿಂತರು.

ಅಂದಿನಿಂದ ಅವರು ವ್ಯಾನಿನ ಹತ್ತಿರ ಸುಳಿಯಲಿಲ್ಲ. ಗಾಜಿನ ಉಣ್ಣೆಗೆ ಬೆಂಕಿ ಹತ್ತುವುದಿಲ್ಲ. ಅಡಿಗೆಮನೆಗೆ ಅದೇ ತಕ್ಕದ್ದು. ಈ ಸಲ ಒಂದೊಂದು ಚೀಲಕ್ಕೂ ತಂತಿಯ ಕೊಂಡಿ ಮಾಡಿದರು. ತಗಡಿನ ಕೆಳಗೆ ಕಬ್ಬಿಣದ ಪಟ್ಟಿ ಬಿಗಿದು, ಚೀಲಗಳನ್ನು ಎರಡು ಪದರವಾಗಿ ಜೋಡಿಸಿ, ಅದರ ಕೆಳಗೆ ಸಿಮೆಂಟಿನ ಹಲಗೆ ಕೂಡಿಸಿದರು. ಗುರುಪ್ರಸಾದ ಏಣಿ ಹಿಡಿಯಲು ಬಂದರೆ ಏಣಿ ತಾನೇ ನಿಲ್ಲುತ್ತದೆ ಎಂದು ಕಳಿಸಿದರು. ಕೆಲಸ ಮುಗಿದಾಗ ಮದುವೆಯ ದಿನ ಬಂದೇಬಿಟ್ಟಿತ್ತು. ಅವರ ವ್ಯಾನು ಬರಿಯ ತಗಡಾಗಿ ಅಂಗಳದಲ್ಲಿ ಉಳಿಯಿತು.

ಹೀಗೆ ಎಲ್ಲರೂ ಭಾಲ್ಕಿಗೆ ಹೋದದ್ದು ಗುರುಪ್ರಸಾದನ ವ್ಯಾನಿನಲ್ಲೇ. ಅಕ್ಕ, ತಮ್ಮ ಮುಂದೆ ಕುಳಿತರು. ರತ್ನಾಕರರು ಹಿಂದಿನ ಮಂಚದ ಮೇಲೆ ಮುಖ ಗಂಟಿಕ್ಕಿಕೊಂಡು ಮಲಗಿದರು. ಒಳಗೆ ನಿಜವಾಗಿಯೂ ತಂಪಾಗಿತ್ತು. ಅಭ್ಯಾಸಬಲದಿಂದ ಬೆರಳು ಗೋಡೆಯ ಕಡೆಗೆ ಹೋಯಿತು, ಹಿಂದಕ್ಕೆ ಎಳೆದುಕೊಂಡರು.

ಬೀಡ ಊರು ದಾಟಿದ ಮೇಲೆ ಗುರುಪ್ರಸಾದ ತನ್ನ ವ್ಯಾನಿನ ಮಾತು ತೆಗೆದ. ಹೊರಗೆ ಇಷ್ಟು ಬಿಸಿಲಿದ್ದರೂ ಹೇಗಿದೆ ನೋಡು ಎಂದ.

"ಛಂದ ಅದ," ಎಂದರು ಜಗದೇವಿಯವರು. "ಆದ್ರ ನಮ್ಮ ಅಡಿಗಿಮನಿಯಷ್ಟು ಇಲ್ಲ ಬಿಡು. ನಿನ್ನೆ ಮಧ್ಯಾಹ್ನ ಒಲಿ ಮುಂದೇ ನಿದ್ದಿ ಹತ್ತಿತ್ತು ನನಗ," ಎಂದರು.

ಗುರುಪ್ರಸಾದ ಕನ್ನಡಿಯಲ್ಲಿ ಹಿಂದೆ ನೋಡಿ, "ಮಾವಾ, ಎರಡು ಪದರ ಹಾಕೀರೇನು?" ಎಂದು ಕೇಳಿದ.

ರತ್ನಾಕರರು ಕಣ್ಣು ತೆರೆಯಲಿಲ್ಲ. "ಮಲಗೀನಿ," ಎಂದರು.