ಚೀಲಕ್ಕೊಂದು, ತೇವಕ್ಕೊಂದು

ನಾನು ಸಿರುಗುಪ್ಪ ತಾಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರು. ಕರೂರಿನ ದಾರಿಯಲ್ಲಿರುವ ಸಣ್ಣ ಊರು. ಸುತ್ತಲೂ ಭತ್ತ, ಊರ ಬಾಯಲ್ಲೇ ಒಂದು ಅಕ್ಕಿ ಗಿರಣಿ. ಮನೆ ಮಾತ್ರ ಬಳ್ಳಾರಿಯಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಊರ ಮಕ್ಕಳಿಗೆಲ್ಲ "ತಿನ್ರಿ, ತೂಕ ಏರಬೇಕು" ಎಂದು ಹೇಳುವುದು, ಸಂಜೆ ಮನೆಗೆ ಬಂದು, ತೂಕ ಇಳಿಸುತ್ತೇನೆಂದು ಬಾಯಿಗೆ ಬೀಗ ಹಾಕಿಕೊಂಡ ಸ್ವಂತ ಮಗಳೆದುರು ತಟ್ಟೆ ಹಿಡಿದು ಕೂರುವುದು. ಹೋದ ವರ್ಷ ನನ್ನ ಬಾಳು ಹೀಗಿತ್ತು. ನಗಬೇಕೋ ಅಳಬೇಕೋ ತಿಳಿಯದೆ ನಾನು ಎಲ್ಲರ ಮೇಲೂ ರೇಗುತ್ತಿದ್ದೆ.

ಮಗಳು ಆಗ ಏಳನೇ ತರಗತಿ, ಬಳ್ಳಾರಿಯ ಒಂದು ಖಾಸಗಿ ಶಾಲೆಯಲ್ಲಿ. ಅಲ್ಲಿ ಆರೋಗ್ಯ ದಿನ ಎಂದು ಮಾಡಿ, ಪಿ.ಟಿ. ಮೇಷ್ಟ್ರು ಪ್ರತಿ ಮಗುವನ್ನೂ ಯಂತ್ರದ ಮೇಲೆ ನಿಲ್ಲಿಸಿ ತೂಕವನ್ನು ಮೈಕಿನಲ್ಲಿ ಕೂಗಿದರು. ಬಹುಮಾನ ಕೊಡುವ ದಿನ ಗೊರಗೊರ ಎನ್ನುವ ಆ ಮೈಕು ಅವತ್ತು ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿತ್ತಂತೆ. ಮರುದಿನದಿಂದ ನನ್ನ ಮಗಳ ಹೆಸರು 'ಓವರ್‌ಲೋಡ್'. ಅದಿರಿನ ಲಾರಿಗಳನ್ನು ನೋಡುತ್ತ ಬೆಳೆದ ಊರಿನ ಹುಡುಗರಿಗೆ ಬೇರೆ ಹೆಸರು ಹೊಳೆಯುವುದಾದರೂ ಹೇಗೆ?

ಅವಳು ರೊಟ್ಟಿ ಬಿಟ್ಟಳು. ಆಮೇಲೆ ಅನ್ನ. ಒಗ್ಗರಣಿ ಮಿರ್ಚಿಯ ವಾಸನೆಗೆ ಓಡಿ ಬರುತ್ತಿದ್ದವಳು ಎದ್ದು ಒಳಗೆ ಹೋಗತೊಡಗಿದಳು. ಸೌತೆಕಾಯಿ, ಹಾಲಿಲ್ಲದ ಚಹಾ, ಇಷ್ಟೇ. ಟಿಫಿನ್ ಡಬ್ಬಿ ಖಾಲಿಯಾಗಿ ಬರುತ್ತಿತ್ತು. ನಮ್ಮ ಓಣಿಯ ನಾಯಿ ಮೈ ತುಂಬಿಕೊಂಡಿತು. ಒಂದು ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ಕಣ್ಣಿಗೆ ಕತ್ತಲೆ ಬಂದು ಬಿದ್ದಳು. ಡಾಕ್ಟರು ರಕ್ತ ಕಡಿಮೆ, ಉಣ್ಣಿಸಿ ಎಂದರು. ನಾನು ಶಾಲೆಗೆ ಹೋಗಿ ಪಿ.ಟಿ. ಮೇಷ್ಟ್ರನ್ನು ಹಿಡಿದು ಜಾಡಿಸಿದೆ. ಅವರು ನಗುತ್ತಲೇ ಹೇಳಿದರು: "ನೋಡ್ರಿ ಮೇಡಂ, ಮಕ್ಕಳಿಗೆ ಆರೋಗ್ಯದ ಬಗ್ಗೆ ಎಷ್ಟ್ ಕಾಳಜಿ ಬಂದೈತಿ!"

ಸುದ್ದಿ ಕೇಳಿ ಕುರುಗೋಡಿನಿಂದ ನನ್ನ ಅತ್ತೆ ಬಂದಿಳಿದರು, ಸಜ್ಜೆ ರೊಟ್ಟಿಯ ಗಂಟಿನ ಸಮೇತ.

"ಮಕ್ಕಳನ್ನ ತೂಗಬಾರ್ದವಾ, ದೃಷ್ಟಿ ಆಗ್ತೈತಿ. ತೂಗಾಕ ಅದೇನ್ ಶೇಂಗಾ ಮೂಟಿ ಏನು?" ಎಂದು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮನೆಯವರೆಲ್ಲ ಕೆಮ್ಮಿದೆವು. ಮಗಳೂ ಕೆಮ್ಮಿದಳು, ಆದರೆ ಉಣ್ಣಲಿಲ್ಲ. ಅತ್ತೆಗೆ ತಮ್ಮ ತಪ್ಪು ಹೊಳೆಯಿತು. ದೃಷ್ಟಿ ಇರುವುದು ಹುಡುಗಿಯಲ್ಲಿ ಅಲ್ಲ, ಯಂತ್ರದಲ್ಲಿ. ಆ ಶಾಲೆಗೆ ಹೋಗಿ ಯಂತ್ರಕ್ಕೇ ನಿವಾಳಿಸಬೇಕು ಎಂದು ಸೆರಗು ಕಟ್ಟಿ ಹೊರಟರು. ಅವರನ್ನು ತಡೆಯಲು ನಾನು ಪಟ್ಟ ಪಾಡು ನನಗೇ ಗೊತ್ತು.

ನಮ್ಮ ಶಾಲೆಯ ಕಥೆ ಇದರ ತಿರುವುಮುರುವು. ಮಕ್ಕಳಿಗೆ ಮಧ್ಯಾಹ್ನ ಊಟದ ಜೊತೆ ಮೊಟ್ಟೆ ಕೊಡುತ್ತೇವೆ, ತಿನ್ನದವರಿಗೆ ಬಾಳೆಹಣ್ಣು. ಅದರಿಂದ ತೂಕ ಏರಿದ್ದು ಕಾಣಬೇಕು ಎಂಬುದು ಹೆಡ್‌ಮಾಸ್ಟರ ಹಟ. ಇದು ಗೊತ್ತಿದ್ದ ಮಕ್ಕಳು ತೂಗುವ ದಿನ ಗಂಟಲಮಟ ನೀರು ಕುಡಿದು ಬರುತ್ತಿದ್ದರು. ಲಂಗದ ಒಳಗೆ ಅಣ್ಣನ ಪ್ಯಾಂಟು. ಸರದಿ ಮುಗಿಯುವವರೆಗೆ ಯಾರೂ ಒಂದಕ್ಕೆ ಹೋಗುತ್ತಿರಲಿಲ್ಲ. ಕಾಲು ಹೆಣೆದುಕೊಂಡು ಕುಣಿಯುತ್ತ ನಿಲ್ಲುತ್ತಿದ್ದರು, ಕೆಲವರು ವಾಂತಿ ಮಾಡಿ ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದರು. ಅಲ್ಲಿ ಇಳಿಸಲು ಹೋಗಿ ಮೈ ಕೆಡಿಸಿಕೊಳ್ಳುವವರು, ಇಲ್ಲಿ ಏರಿಸಲು ಹೋಗಿ. ನಡುವೆ ಬಸ್ಸಿನಲ್ಲಿ ನಾನು.

ಹೀಗಿರುವಾಗ ಶಾಲೆಯ ತೂಕದ ಯಂತ್ರ ಕೆಟ್ಟಿತು. ಭಾರ ಜಾಸ್ತಿ ತೋರಿಸಲೆಂದು ಮಕ್ಕಳು ಅದರ ಮೇಲೆ ಜಿಗಿಯುತ್ತಿದ್ದರು, ಇನ್ನೇನಾಗುತ್ತದೆ? ಹೆಡ್‌ಮಾಸ್ಟರು ಚೀಲ ತೂಗುವ ಕಾಟಾ ಒಂದು ದಿನಕ್ಕೆ ಕೊಡಿ ಎಂದು ಗಿರಣಿಯವರನ್ನು ಕೇಳಿದರು. ಸುಗ್ಗಿಯ ಕಾಲ, ಕಾಟಾ ಮಧ್ಯಾಹ್ನ ವಾಪಸ್ ಬೇಕು, ಜೊತೆಗೆ ನಮ್ಮ ತೂಕದವನೇ ಬರುತ್ತಾನೆ, ಬೇರೆಯವರು ಮುಟ್ಟಬಾರದು ಎಂಬ ಷರತ್ತಿನ ಮೇಲೆ ಒಪ್ಪಿದರು.

ಆ ದಿನ ಮಗಳ ಶಾಲೆಗೆ ರಜೆ. ಮನೆಯಲ್ಲಿದ್ದರೆ ಅಜ್ಜಿ ಬಾಯಿಗೆ ತುರುಕುತ್ತಾಳೆಂಬ ಭಯಕ್ಕೆ ನನ್ನ ಜೊತೆ ಬಸ್ಸು ಹತ್ತಿದಳು. ಅಲ್ಲಿ ತೂಗುವುದಿದೆ ಎಂದು ನಾನು ಹೇಳಿರಲಿಲ್ಲ.

ಟಂಟಂ ಗಾಡಿಯಲ್ಲಿ ಕಾಟಾ ಬಂತು, ನೂರು ಕಿಲೋ ಚೀಲ ಇಡುವಂಥದ್ದು. ಅಂಗಳದಲ್ಲಿ ಇಳಿಸಿ, ಬೇವಿನ ನೆರಳಿಗೆ ಸರಿಸಿ, ತೂಕದವನು ಟವೆಲ್ ಕೊಡವಿ ನಿಂತ. ನಾಲ್ಕನೇ ತರಗತಿಯ ಒಬ್ಬ ಪುಟ್ಟ ಹುಡುಗಿ ಮೊದಲು ಹತ್ತಿದಳು.

"ಲಾಭಾ!" ಎಂದು ಕೂಗಿದ.

ಕಾಳು ಅಳೆಯುವವರು ಒಂದು ಅನ್ನುವುದಿಲ್ಲವಲ್ಲ, ಮೊದಲನೆಯದು ಲಾಭ. ಹುಡುಗಿ ತನಗೇನೋ ಪ್ರಶಸ್ತಿ ಬಂತೆಂದು ಹಲ್ಲು ಕಿಸಿದಳು. ಅವಳಿಗೆ ಇವತ್ತಿಗೂ ಲಾಭ ಎಂದೇ ಹೆಸರು.

ಸಾಲು ಸಾಗಿತು. ಅವನು ಕೂಗುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಹೆಡ್‌ಮಾಸ್ಟರ ಮುಖ ಬಾಡಿತು. "ಏನ್ರಿ ಮೇಡಂ ಇದು? ಮೊಟ್ಟಿ ತಿಂದು ಮಕ್ಕಳು ಇಳಿದಾವಲ್ರಿ! ಬಾಳೆಹಣ್ಣು ತಿಂದವೂ ಇಳಿದಾವು!"

ನನಗೆ ಅನುಮಾನ ಬಂದು ಪರದೆಯತ್ತ ಬಗ್ಗಿದೆ. ಅಲ್ಲಿ ಇರುವುದೊಂದು, ಅವನು ಕೂಗುವುದು ಅದಕ್ಕಿಂತ ಎರಡು ಕಿಲೋ ಕಡಿಮೆ.

"ಯಾಕಪ್ಪಾ ಕಡಿಮಿ ಹೇಳ್ತಿ?"

"ಕಡಿತ ರಿ ಮೇಡಂ. ಚೀಲಕ್ಕೊಂದು, ತೇವಕ್ಕೊಂದು."

"ಇವು ಮಕ್ಕಳಪಾ! ಚೀಲ ಎಲ್ಲೈತಿ?"

"ಯೂನಿಫಾರಂ ಹಾಕ್ಯಾರಲ್ರಿ. ತಲಿಗೆ ನೀರ್ ಹಾಕ್ಕೊಂಡು ಬಂದಾರ, ಹೊಟ್ಟಿ ತುಂಬ ನೀರು ಕುಡದಾರ. ಕೈ ಮುಟ್ಟಿ ನೋಡ್ರಿ, ಮಾಲು ಹಸಿ ಐತಿ."

ಸಿಟ್ಟಿನಲ್ಲಿ ನಾನು ಏನೇನೋ ಅಂದೆ. ಅವನು ಅಲ್ಲಾಡಲಿಲ್ಲ. ಕಡಿತ ಇಲ್ಲದೆ ಈ ಕಾಟಾದ ಮೇಲೆ ಏನನ್ನೂ ತೂಗಿಲ್ಲ, ನಾಳೆ ಮಾಲೀಕರು ಕೇಳಿದರೆ ಏನು ಹೇಳಲಿ ಎಂದ. ಕಾಟಾ ಎತ್ತಿಕೊಂಡು ಹೋದಾನೆಂದು ಹೆಡ್‌ಮಾಸ್ಟರು ನನ್ನನ್ನೇ ಸುಮ್ಮನಿರಿಸಿದರು.

ಕೊನೆಗೆ ಲಾಭ ನನ್ನ ಮಗಳ ಕೈ ಹಿಡಿದು ಎಳೆದಳು. "ಅಕ್ಕನೂ ಹತ್ಲಿ! ಅಕ್ಕನೂ ಹತ್ಲಿ!" ಎಂದು ಎಲ್ಲರೂ ಕೂಗಿದರು. ಮಗಳ ಮುಖ ಸುಣ್ಣವಾಯಿತು. ನಾನು ಬೇಡ ಅನ್ನುತ್ತ ಎದ್ದು ಹೋಗುವಷ್ಟರಲ್ಲಿ ಮಕ್ಕಳು ಅವಳನ್ನು ಕಾಟಾದ ಮೇಲೆ ನಿಲ್ಲಿಸಿಯಾಗಿತ್ತು. ತೂಕದವನು ಸಂತೆಯ ಗಂಟಲಲ್ಲಿ ಕೂಗಿಯೂ ಬಿಟ್ಟ. ಇನ್ನು ಸೌತೆಕಾಯಿಯೂ ಹೋಯಿತು ಎಂದುಕೊಂಡೆ.

ಆಮೇಲೆ ಚಪ್ಪಾಳೆ.

ಇಡೀ ಶಾಲೆ ಚಪ್ಪಾಳೆ ತಟ್ಟುತ್ತಿತ್ತು. ಅಷ್ಟು ತೂಗಿದವರು ಅಲ್ಲಿ ಯಾರೂ ಇರಲಿಲ್ಲ. ಲಾಭ ಹತ್ತಿರ ಬಂದು ಮಗಳ ತೋಳು ಮುಟ್ಟಿ ನೋಡಿ ಕೇಳಿದಳು: "ಯಕ್ಕಾ, ಏನ್ ಉಣ್ತೀ ನೀನು?"

ಮಗಳು ನನ್ನ ಮುಖ ನೋಡಿದಳು. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹುಡುಗ, "ಅದರಾಗೂ ಎರಡು ಕಡದಾನ! ಅಕ್ಕಂದು ಇನ್ನೂ ಎರಡು ಜಾಸ್ತಿ ಐತಿ!" ಎಂದು ಚೀರಿದ.

ಮಗಳು ಕಾಟಾದಿಂದ ಇಳಿಯಲೇ ಇಲ್ಲ. ತೂಕದವನ ಕಡೆ ತಿರುಗಿದಳು.

"ನಂದ್ಯಾಕ ಕಡದ್ರಿ?"

"ತೇವಕ್ಕ ಒಂದು, ತಂಗಿ..."

"ನಾನು ಇವತ್ತು ತಲಿಗೆ ನೀರ ಹಾಕ್ಕೊಂಡಿಲ್ಲ. ಮುಟ್ಟಿ ನೋಡ್ರಿ. ನೀರೂ ಕುಡದಿಲ್ಲ. ತೇವದ್ದು ಹೆಂಗ್ ಹಿಡಿತೀರಿ?"

ತಿಂಗಳುಗಟ್ಟಲೆ ಒಂದು ಕಿಲೋ ಇಳಿಸಲು ಹಸಿದು ಬಿದ್ದವಳು ಅದೇ ಒಂದು ಕಿಲೋಗಾಗಿ ಸೊಂಟಕ್ಕೆ ಕೈ ಕೊಟ್ಟು ಜಗಳಕ್ಕೆ ನಿಂತಿದ್ದಳು. ಅವನು ಗಂಭೀರವಾಗಿ ಅವಳ ಜಡೆಯ ತುದಿ ಹಿಡಿದು ತಿಕ್ಕಿ ನೋಡಿದ.

"ಖರೇನ ಒಣಗೇತಿ. ತೇವದ್ದು ಬಿಟ್ಟೆ. ಚೀಲದ್ದು ಬಿಡಾಕ ಬರಂಗಿಲ್ಲ."

"ಹಂಗಾರ ಉಂಡು ಬಂದು ಮತ್ತ ಹತ್ತತೀನಿ," ಎಂದಳು ಮಗಳು.

ಊಟದ ಗಂಟೆ ಹೊಡೆದಿತ್ತು. ಅವಳು ನೇರವಾಗಿ ಹೋಗಿ ಮಕ್ಕಳ ಸಾಲಿನಲ್ಲಿ ಕೂತಳು. ಲಾಭ ಪಕ್ಕದಲ್ಲೇ ಕೂತು, ತನ್ನ ತಟ್ಟೆ ಬಿಟ್ಟು ಇವಳು ಉಣ್ಣುವುದನ್ನು ಕಲಿಯುವವಳಂತೆ ನೋಡುತ್ತಿದ್ದಳು. ಇಷ್ಟು ಜನ ನೋಡುವಾಗ ಉಣ್ಣದೆ ಇರುವುದು ಹೇಗೆ? ಅನ್ನ ಸಾರು ಕಲಸಿದಳು, ಉಂಡಳು, ತುತ್ತು ಇಷ್ಟು ದೊಡ್ಡದಿರಬೇಕು ಎಂದು ಲಾಭಳಿಗೆ ತೋರಿಸಿದಳು. ನಾನು ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡೆ. ಅಡುಗೆಯವರು ಹೊಗೆ ಎಂದುಕೊಂಡರು.

ಅವಳ ಊಟ ಮುಗಿಯುವ ಮೊದಲೇ ಟಂಟಂ ಬಂತು. ಕಾಟಾ ಏರಿಸಿಕೊಂಡು ಧೂಳೆಬ್ಬಿಸಿ ಹೋಯಿತು.

"ಯಕ್ಕಾ, ಕಾಟಾ ಹೋತು!" ಎಂದಳು ಲಾಭ.

ಮಗಳು ತಲೆ ಎತ್ತಿ ಗೇಟಿನ ಕಡೆ ನೋಡಿದಳು. ಆಮೇಲೆ ಸುಲಿಯುತ್ತಿದ್ದ ಬಾಳೆಹಣ್ಣು ಪಕ್ಕಕ್ಕಿಟ್ಟು, "ಹೋಗ್ಲಿ ಬಿಡು," ಎಂದು ಇನ್ನೊಂದು ಸೌಟು ಅನ್ನಕ್ಕೆ ತಟ್ಟೆ ಮುಂದೆ ಹಿಡಿದಳು.