ಕೊನೆಯ ಸಾಲು ಗೊತ್ತಿಲ್ಲದ ಆಯಮ್ಮ

ಶಿಶುವಿಹಾರದ ಮಲಗುವ ಕೋಣೆ ಉದ್ದನೆಯದು. ಎರಡು ಸಾಲು ಹಾಸಿಗೆ, ಬಾಗಿಲ ಬಳಿ ಒಂದು ಕುಳ್ಳ ಸ್ಟೂಲು. ಮಧ್ಯಾಹ್ನ ಮಕ್ಕಳಿಗೆ ಊಟವಾಗಿ, ಕೈಬಾಯಿ ತೊಳೆಸಿ, ಪರದೆ ಎಳೆದ ಮೇಲೆ ಆಯಮ್ಮ ಆ ಸ್ಟೂಲಿನ ಮೇಲೆ ಕೂತು ಹಾಡುತ್ತಿದ್ದರು. ಮೊದಲ ಎರಡು ಸಾಲು ಕೋಣೆಯ ಆ ತುದಿಗೂ ಕೇಳುವಷ್ಟು ಗಟ್ಟಿ. ಆಮೇಲೆ ಅವರ ನೋಟ ಒಂದೊಂದೇ ಹಾಸಿಗೆಯ ಮೇಲೆ ಹಾಯುತ್ತಿತ್ತು. ಮಕ್ಕಳ ರೆಪ್ಪೆ ಇಳಿದ ಹಾಗೆ ಇವರ ದನಿಯೂ ಇಳಿಯುತ್ತಿತ್ತು. ಕಟ್ಟಕಡೆಯ ಮಗು ಕಣ್ಣು ಮುಚ್ಚಿತೋ, ಹಾಡನ್ನು ಎಲ್ಲಿತ್ತೋ ಅಲ್ಲೇ ಬಿಟ್ಟು, ತುದಿಗಾಲಲ್ಲಿ ಹೊರಗೆ ನಡೆಯುತ್ತಿದ್ದರು. ಇಪ್ಪತ್ತು ವರ್ಷ ಇದೇ ಆಯಿತು. ಅವರಿಗೆ ಬರುತ್ತಿದ್ದ ಹಾಡುಗಳು ಬೇಕಾದಷ್ಟಿದ್ದವು. ಅವುಗಳಲ್ಲಿ ಒಂದರ ಕೊನೆಯೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದೂ ಅವರ ಗಮನಕ್ಕೆ ಬಂದಿರಲಿಲ್ಲ.

ಗಮನಕ್ಕೆ ತಂದದ್ದು ಶಿಶುವಿಹಾರ ನಡೆಸುವ ಮೇಡಂ ತೆಗೆದುಕೊಂಡ ಒಂದು ತೀರ್ಮಾನ. ಹಾಲುಗಲ್ಲದ ಮಕ್ಕಳನ್ನು ತಂದು ಬಿಡುವವರು ಕಡಿಮೆಯಾಗಿದ್ದರು. ರಜೆ ಮುಗಿದ ಮೇಲೆ ಮಲಗುವ ಕೋಣೆಯನ್ನು ತೆಗೆದು, ಅಲ್ಲಿ ನಾಲ್ಕೈದು ವರ್ಷದವರಿಗೆ ಹಾಡು-ಕುಣಿತದ ತರಗತಿ ಮಾಡುವುದೆಂದಾಯಿತು. ಆಯಮ್ಮ ಅದನ್ನು ನಡೆಸಬಹುದು, ಆದರೆ ಮೊದಲು ಪಕ್ಕದ ಶಾಲೆಯಲ್ಲಿ ನಡೆಯುವ ಸಂಗೀತ ಶಿಬಿರಕ್ಕೆ ಹೋಗಿ ಬರಬೇಕು, ಸಮಾರೋಪದ ದಿನ ತಾನೇ ಬಂದು ಕೇಳುತ್ತೇನೆ ಎಂದರು ಮೇಡಂ.

"ನಿಮ್ಮ ಹಾಡು ಕೇಳಿದ್ರೆ ನನಗೇ ಆಕಳಿಕೆ ಬರುತ್ತೆ ಆಯಮ್ಮ. ಎದ್ದಿರೋ ಮಕ್ಕಳನ್ನ ಕುಣಿಸಬೇಕು ಈಗ. ಆಗಲಿಲ್ಲ ಅಂದ್ರೆ ಬೇಜಾರಿಲ್ಲ, ಅಡುಗೆಮನೆ ಇದ್ದೇ ಇದೆ."

ಅಡುಗೆಮನೆ ಕೆಲಸಕ್ಕೆ ಆಯಮ್ಮ ಹೆದರುವವರಲ್ಲ. ಆದರೆ ಅಲ್ಲಿಂದ ಊಟದ ಕೋಣೆಗೆ ಇದ್ದದ್ದು ತಟ್ಟೆ ದಾಟಿಸುವ ಒಂದು ಕಿಂಡಿ ಮಾತ್ರ. ಅದರಲ್ಲಿ ಮಕ್ಕಳ ಕೈ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಬರೀ ಕೈ ನೋಡಿಕೊಂಡು ಉಳಿದ ಆಯುಸ್ಸು ಕಳೆಯುವುದು ಹೇಗೆಂದು ಅವರಿಗೆ ತೋಚಲಿಲ್ಲ. ಶಿಬಿರಕ್ಕೆ ಹೋದರು.

ಅದು ಸಂಗೀತ ಕಲಿಯದ ದೊಡ್ಡವರ ಶಿಬಿರ. ಮೇಷ್ಟ್ರು ಮೂರು ಮೂರು ಜನರ ಗುಂಪು ಮಾಡಿದರು. ಪ್ರತಿ ಗುಂಪು ತನ್ನದೇ ಒಂದು ಹಾಡು ಕಟ್ಟಬೇಕು, ಕೊನೆಯ ದಿನ ಎಲ್ಲರೆದುರು ಹಾಡಬೇಕು. ಬೇರೆಯವರ ಒಂದು ಸಾಲೂ ಇರಕೂಡದು. ಆಯಮ್ಮನ ಗುಂಪಿಗೆ ಬಂದವರು ಒಬ್ಬ ಬಸ್ ಕಂಡಕ್ಟರು ಮತ್ತು ಒಬ್ಬ ದರ್ಜಿ ಹೆಂಗಸು. ಕಂಡಕ್ಟರ ದನಿ ಹಿಂದಿನ ಬಾಗಿಲಿನಲ್ಲಿ ಜೋತವರಿಗೂ ಕೇಳಬೇಕಾದ ದನಿ. ಮೆಲ್ಲಗೆ ಹಾಡಿ ಎಂದರೆ ಅವರ ಗಂಟಲು ಕಟ್ಟುತ್ತಿತ್ತು. ದರ್ಜಿಯಕ್ಕ ತುಟಿಯ ನಡುವೆ ಗುಂಡುಸೂಜಿ ಇಟ್ಟುಕೊಂಡೇ ಮಾತಾಡಿ ರೂಢಿಯಾದವರು. ಹಾಡುವಾಗಲೂ ಬಾಯಿ ಬಿಡುತ್ತಿರಲಿಲ್ಲ. ಮೇಷ್ಟ್ರು ಇಬ್ಬರನ್ನೂ ಕೇಳಿ, ತಲೆ ಕೆರೆದುಕೊಂಡು, ಆಯಮ್ಮನ ಕಡೆ ತಿರುಗಿದರು.

ಆಯಮ್ಮ ಒಂದು ಗಾಳಿಪಟದ ಹಾಡು ಎತ್ತಿಕೊಂಡರು. ಎರಡನೆಯ ಸಾಲಿಗೆ ಮೇಷ್ಟ್ರ ಹುಬ್ಬು ಮೇಲೇರಿತು. ಮೂರನೆಯದಕ್ಕೆ ಅವರು ಸುಖವಾಗಿ ಕಣ್ಣು ಮುಚ್ಚಿದರು. ನಾಲ್ಕನೆಯದು ಬರಲೇ ಇಲ್ಲ. ಕಣ್ಣು ಬಿಟ್ಟು ನೋಡಿದರೆ ಆಯಮ್ಮ ಬಾಗಿಲ ಹತ್ತಿರ ಹೋಗಿದ್ದರು.

"ಯಾಕಮ್ಮ ನಿಲ್ಲಿಸಿದ್ರಿ?"

"ನಿದ್ದೆ ಹೋದ್ರಲ್ಲ ಸಾರ್."

ಕಂಡಕ್ಟರು ನಗು ತಡೆಯಲಾರದೆ, ಮೇಷ್ಟ್ರು ನಿದ್ದೆ ಹೋಗಲಿಲ್ಲ, ತಲೆದೂಗುತ್ತಿದ್ದರು ಎಂದು ವಿವರಿಸಿದರು. ತೂಗಿದ ಮೇಲೆ ನಿದ್ದೆಯೇ ಅಲ್ಲವೇ ಎಂದರು ಆಯಮ್ಮ.

ನಕ್ಕದ್ದೇನೋ ಆಯಿತು, ಆದರೆ ಇದು ತಮಾಷೆಯಲ್ಲ ಎಂದು ಮಾರನೆಯ ದಿನವೇ ಗೊತ್ತಾಯಿತು. ಗುಂಪಿನವರಿಬ್ಬರೂ ಎದುರು ಕೂತು ಪರೀಕ್ಷೆ ಮಾಡಿದರು. ಇಬ್ಬರ ಕಣ್ಣೂ ತೆರೆದಿದ್ದರೆ ಹಾಡು ಸರಾಗ. ಒಬ್ಬರು ಮುಚ್ಚಿದರೆ ದನಿ ಅರ್ಧ. ಇಬ್ಬರೂ ಮುಚ್ಚಿದರೆ ಹಾಡು ಬಂದ್. ಗೋಡೆಗೆ ಮುಖ ಮಾಡಿಸಿದರೆ, ಯಾರೋ ಹಾಸಿಗೆ ಒದ್ದೆ ಮಾಡಿಕೊಂಡಿದ್ದಾರೇನೋ ಎಂಬಂತೆ ಆಯಮ್ಮ ತಿರುತಿರುಗಿ ನೋಡುತ್ತಿದ್ದರು. ನಿಮ್ಮ ಕಣ್ಣನ್ನೇ ಮುಚ್ಚಿಕೊಳ್ಳಿ ಎಂದರೆ ರೆಪ್ಪೆಯ ಸಂದಿಯಿಂದ ಇಣುಕುತ್ತಿದ್ದರು. ಮಕ್ಕಳನ್ನು ಮುಂದಿಟ್ಟುಕೊಂಡು ಕಣ್ಣು ಮುಚ್ಚಿದವರಲ್ಲ ಅವರು. ಸಭೆಯಲ್ಲಿ ಮುಂದಿನ ಸಾಲಿನವರು ಖಂಡಿತ ಕಣ್ಣು ಮುಚ್ಚುತ್ತಾರೆ, ಪುಕ್ಕಟೆ ಸಂಗೀತಕ್ಕೆ ಬಂದವರು ಮತ್ತೇನು ಮಾಡುತ್ತಾರೆ ಎಂದರು ದರ್ಜಿಯಕ್ಕ.

ಈ ನಡುವೆ ಹಾಡು ಮಾತ್ರ ಬೆಳೆಯುತ್ತಿತ್ತು. ಅದು ಮಕ್ಕಳ ಬಸ್ಸಿನ ಹಾಡು. 'ಹತ್ತಿ ಹತ್ತಿ ಬೇಗ ಹತ್ತಿ, ಕಿಟಕಿ ಪಕ್ಕ ಜಾಗ ಇದೆ' ಎಂದು ಕಂಡಕ್ಟರು ಶುರುಮಾಡಿದ್ದರು. ಹರಿದ ಸೀಟಿಗೆ ತೇಪೆ ಹಾಕುವ ಸಾಲುಗಳನ್ನು ದರ್ಜಿಯಕ್ಕ ಸೇರಿಸಿದ್ದರು. ಕೊನೆಯ ಎರಡು ಸಾಲು ಆಯಮ್ಮನ ಪಾಲಿಗೆ ಬಿಟ್ಟಿತ್ತು. ಆಯಮ್ಮ ದಿನವೂ ನಾಳೆ ತರುತ್ತೇನೆ ಎನ್ನುತ್ತಿದ್ದರು, ದಿನವೂ ಬರಿಗೈಯಲ್ಲಿ ಬರುತ್ತಿದ್ದರು. ಹಾಡು ಮುಗಿಸುವುದೆಂದರೆ ಹೇಗಿರುತ್ತದೆ ಎಂಬುದೇ ಅವರ ಕಿವಿಯಲ್ಲಿರಲಿಲ್ಲ. ಅಡುಗೆಮನೆಯೇ ಗತಿ ಎಂದು ಮನಸ್ಸಿನಲ್ಲೇ ಒಪ್ಪಿಕೊಂಡಿದ್ದರು.

ಸಮಾರೋಪದ ಹಿಂದಿನ ಸಂಜೆ ಮಗಳು ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದಳು. ತಾಯಿ ಮಗಳು ಒಣಗಿದ ಬಟ್ಟೆ ಮಡಚುತ್ತ ಕೂತರು. ಹಳೆಯ ಹಾಡೊಂದರ ಕೊನೆ ಸಿಕ್ಕರೆ ದಾರಿಯಾದರೂ ಕಂಡೀತು ಎಂದುಕೊಂಡು ಆಯಮ್ಮ ಕೇಳಿದರು:

"ಆ ಗಾಳಿಪಟದ ಹಾಡು ಕೊನೇಲಿ ಏನಾಗುತ್ತೆ ಕಣೇ?"

"ನನಗೇನು ಗೊತ್ತು? ನೀನು ಅಲ್ಲಿವರೆಗೆ ಯಾವತ್ತು ಹಾಡಿದೀಯ?"

"ನೀನೇ ಮೂರನೇ ಸಾಲಿಗೆ ಮಲಗಿಬಿಡ್ತಿದ್ದೆ."

ಮಗಳು ದಿಂಬಿನ ಚೀಲದ ಅಂಚು ಕೂಡಿಸಿ ಮಡಚಿಟ್ಟಳು.

"ಎಲ್ಲಾ ಸಲ ಮಲಗ್ತಿರಲಿಲ್ಲಮ್ಮ. ನೀನು ಹಗಲೆಲ್ಲಾ ಊರ ಮಕ್ಕಳನ್ನ ಮಲಗಿಸಿ ಬಂದಿರ್ತಿದ್ದೆ, ನಿನ್ನ ಮುಖ ನೋಡಿ ನಾನೇ ಕಣ್ಣು ಮುಚ್ಚಿಕೊಳ್ತಿದ್ದೆ."

"ಎಚ್ಚರವಾಗೇ ಇರ್ತಿದ್ಯಾ?"

"ಮುಂದಿನ ಸಾಲು ಬರಬಹುದು ಅಂತ ಕಾಯ್ತಿದ್ದೆ."

ಆಯಮ್ಮನ ಕೈಯಲ್ಲಿದ್ದ ಟವೆಲು ಮಡಿಸಿದಲ್ಲೇ ನಿಂತಿತು. ಇಷ್ಟು ವರ್ಷ ಮಲಗಿದವೆಂದು ತಾನು ಎದ್ದು ಬಂದ ಮಕ್ಕಳಲ್ಲಿ ಇನ್ನೆಷ್ಟು ಹೀಗೆ ಕಾದಿದ್ದವೋ. ಅವರು ಟವೆಲನ್ನು ಬದಿಗಿಟ್ಟರು. ಹೊಸ ಬಸ್ಸಿನ ಹಾಡು ಕೇಳುತ್ತೀಯಾ ಎಂದು ಮಗಳನ್ನು ಕೇಳಿ, ಹಾಡತೊಡಗಿದರು. ನಡುವೆ ಮಗಳು ಬೇಕೆಂದೇ ಕಣ್ಣು ಮುಚ್ಚಿದಳು. ದನಿ ಜಾರಿತು. ಮಗಳು ಕಣ್ಣು ಬಿಡದೆ, ಇಲ್ಲೇ ಇದ್ದೀನಿ, ಹಾಡು ಎಂದಳು. ತೇಪೆಯ ಸಾಲು ದಾಟಿತು. ಅದರಾಚೆ ಏನೂ ಇರಲಿಲ್ಲ. ಆಯಮ್ಮ ಸಂಜೆ ಗೇಟಿನ ಬಳಿ ಮಕ್ಕಳಿಗೆ ದಿನಾ ಹೇಳುವ ಚಪ್ಪಲಿಯ ಮಾತನ್ನೇ ರಾಗಕ್ಕೆ ಹಾಕಿದರು: 'ಇಳಿಯಿರಿ ಇಳಿಯಿರಿ ಎಲ್ಲರೂ ಇಳಿಯಿರಿ, ಬಿಟ್ಟು ಹೋಗಬೇಡಿ ಚಪ್ಪಲಿ.' ಕೊನೆಯ ಪದದ ಮೇಲೆ ನೆಲಕ್ಕೆ ಕಾಲು ಕುಟ್ಟಿದರು. ಹಾಡು ಮುಗಿಯಿತು. ಮಗಳು ಬಿದ್ದು ಬಿದ್ದು ನಕ್ಕಳು.

ಮರುದಿನ ಶಾಲೆಯ ಸಭಾಂಗಣದಲ್ಲಿ ಮೇಡಂ ಮೊದಲ ಸಾಲಿನಲ್ಲೇ ಕೂತಿದ್ದರು. ಕಂಡಕ್ಟರು ಗೋಡೆ ಅದುರುವಂತೆ ಬಸ್ಸು ಹೊರಡಿಸಿದರು. ದರ್ಜಿಯಕ್ಕ ಬೆರಳಿನಷ್ಟಾದರೂ ಬಾಯಿ ಬಿಟ್ಟರು. ಆಯಮ್ಮನ ಸರದಿ ಬಂದಾಗ ಮೇಡಂ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು.

ಕಂಡಕ್ಟರು ಅದನ್ನು ನೋಡಿ ದರ್ಜಿಯಕ್ಕನನ್ನು ತಿವಿದರು. ಆಯಮ್ಮನೂ ನೋಡಿದರು. ದನಿ ಒಂದು ಮೆಟ್ಟಿಲು ಇಳಿಯಿತು. ಮೇಡಂ ನಿಜಕ್ಕೂ ಮಲಗಿದ್ದಾರೋ ಇಲ್ಲವೋ ಎಂದು ತಿಳಿಯುವ ದಾರಿ ಇರಲಿಲ್ಲ. ಇಪ್ಪತ್ತು ವರ್ಷದ ಅನುಭವ ಮಲಗಿದ್ದಾರೆ ಎನ್ನುತ್ತಿತ್ತು. ಮಲಗಿದ್ದರೆ ಮಲಗಲಿ, ಕಾಯುತ್ತಿದ್ದರೆ ಸಿಗಲಿ ಎಂದುಕೊಂಡು ಆಯಮ್ಮ ದನಿಯನ್ನು ಮತ್ತೆ ಮೇಲೆತ್ತಿದರು. ಎಲ್ಲರನ್ನೂ ಇಳಿಸಿದರು, ಚಪ್ಪಲಿ ಹಾಕಿಸಿದರು, ಕಾಲು ಕುಟ್ಟಿದರು. ಚಪ್ಪಾಳೆ ಬಿತ್ತು.

ಮೇಡಂ ಕಣ್ಣು ತೆರೆದರು. "ಮುಗೀತಾ? ಇನ್ನೂ ಇದೆ ಅಂದ್ಕೊಂಡೆ," ಎಂದರು. ಆಮೇಲೆ, ಸೋಮವಾರದೊಳಗೆ ಹಾಸಿಗೆಗಳನ್ನು ತೆಗೆಸುತ್ತೇನೆ, ಕೋಣೆ ನಿಮ್ಮದು ಎಂದೂ ಹೇಳಿದರು. ಆಯಮ್ಮ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ದರ್ಜಿಯಕ್ಕ ತಂದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು. ಎದೆಯ ಮೇಲಿಂದ ಒಂದು ಚಪ್ಪಡಿ ಎತ್ತಿಟ್ಟ ಹಾಗಿದೆ ಎಂದರು. ಕಂಡಕ್ಟರು ತಾನು ಕಲಿಸಿದ್ದರಿಂದಲೇ ಇದೆಲ್ಲ ಎಂದು ಕಂಡವರಿಗೆಲ್ಲ ಹೇಳುತ್ತಿದ್ದರು. ಮೆಲ್ಲಗೆ ಹೇಳಲು ಬಾರದ ಕಾರಣ ಅದು ಆಯಮ್ಮನಿಗೂ ಕೇಳುತ್ತಿತ್ತು.

ಸೋಮವಾರ ಉದ್ದನೆಯ ಕೋಣೆಯಲ್ಲಿ ಪರದೆ ಇರಲಿಲ್ಲ. ನಾಲ್ಕೈದು ವರ್ಷದ ಮಕ್ಕಳು ಬಸ್ಸಾಗಿ ಸಾಲು ನಿಂತರು. ಹಾಡು ಮುಗಿದು ಎಲ್ಲರೂ ದಬದಬ ಕಾಲು ಕುಟ್ಟಿದ ಮೇಲೆ, ಮೂಗು ಸುರಿಸುತ್ತಿದ್ದ ಒಬ್ಬಳು ಬಂದು ಅವರ ಸೀರೆ ಸೆರಗು ಎಳೆದಳು.

"ಇನ್ನೊಂದ್ಸಲ."

ಆಯಮ್ಮನನ್ನು ಹಾಗೆ ಯಾರೂ ಕೇಳಿರಲಿಲ್ಲ. ಅಷ್ಟರಲ್ಲಿ ಹಿಂದೆ ಕಿಟಕಿ ಪಕ್ಕದ ಜಾಗಕ್ಕೆ ಜಗಳ ಹತ್ತಿತ್ತು. ಆಯಮ್ಮ ಆ ಹುಡುಗಿಯ ಮೂಗು ಒರೆಸಿ, ಕಿಟಕಿ ಎಲ್ಲರಿಗೂ ಸಿಗುತ್ತದೆ, ಇನ್ನೂ ಸುಮಾರು ಸಲ ಹಾಡುವುದಿದೆ ಎಂದು ಹೇಳುತ್ತ ಜಗಳ ಬಿಡಿಸಲು ಹೋದರು.