ಎಡಕ್ಕೆ ನಾಲ್ಕು, ಬಲಕ್ಕೆ ಎರಡು

ಆ ಮೆಕ್ಯಾನಿಕ್ಕನಿಗೆ ಜನ ಇಟ್ಟ ಹೆಸರು ಪುಕ್ಕಲಪ್ಪ. ಬಿಟ್ಟಿಯಾಗಿ ಬಂದದ್ದಲ್ಲ ಬಿಡಿ, ಕಷ್ಟಪಟ್ಟು ಸಂಪಾದಿಸಿದ ಹೆಸರು. ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್ ಕೆಲಸದಲ್ಲಿ ಅವನನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಆದರೆ ರಿಪೇರಿ ಮಾಡಿದ ಬೈಕನ್ನು ಒಂದು ಸುತ್ತು ಓಡಿಸಿ ನೋಡು ಅಂದರೆ ಮಾತ್ರ ಮಹಾರಾಯನಿಗೆ ಎಲ್ಲಿಲ್ಲದ ಸೊಂಟನೋವು. ವಿಧಿಯಿಲ್ಲದೆ ಅಂಗಡಿಯ ಸ್ಕೂಟರ್ ಹತ್ತಿದ ದಿನ ಸೈಕಲ್ಲಿನವರೂ ಗಂಟೆ ಬಾರಿಸಿ ಅವನನ್ನು ಹಿಂದೆ ಹಾಕುತ್ತಿದ್ದರು. ಕೆಲಸ ಕಲಿಯುವ ಕಾಲದಲ್ಲಿ ಬಿಚ್ಚುತ್ತಿದ್ದ ಸ್ಪ್ರಿಂಗೊಂದು ಚಿಮ್ಮಿ, ಕಿವಿಯ ಪಕ್ಕದಲ್ಲೇ ಹಾದು, ಮಾಡಿನ ತಗಡನ್ನು ತೂತು ಮಾಡಿತ್ತು. ನಾಲ್ಕು ಬೆರಳು ಈಚೆ ಬಂದಿದ್ದರೆ ಅವನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅಂದಿನಿಂದ ಜೀವ ಕೈಯಲ್ಲಿ ಹಿಡಿದುಕೊಂಡೇ ಕೆಲಸ ಮಾಡುವವನು.

ಆ ಭಯವೇ ಅವನಿಗೆ ಅಚ್ಚುಕಟ್ಟು ಕಲಿಸಿತು ಅನ್ನಿ. ಶಾಕಿನ ಕಂಬಿಯ ಮೇಲೆ ಬೆರಳಾಡಿಸಿ ನೋಡುತ್ತಿದ್ದ. ಎಣ್ಣೆಯ ಪಸೆ ಅಂಟಿತೋ, ಗಿರಾಕಿ ತಲೆಕೆಳಗಾಗಿ ನಿಂತರೂ ಬೈಕು ಬಿಡುತ್ತಿರಲಿಲ್ಲ. ಶಾಕಿನ ತುದಿಯ ರಬ್ಬರ್ ಬುಷ್ ಸವೆದಿದ್ದರೆ ಹೊಸದು ತರುವವರೆಗೂ ಕೀಲಿ ಅವನ ಜೇಬಿನಲ್ಲೇ.

ಅವನ ಕೆಲಸದಲ್ಲಿ ಅರ್ಧ ಪಾಲು ಹೆಂಡತಿಯದು. ಹಿಂದಿನ ಚಕ್ರದ ಎಡಕ್ಕೊಂದು, ಬಲಕ್ಕೊಂದು ಶಾಕ್. ಸ್ಪ್ರಿಂಗಿನ ಬುಡದಲ್ಲಿ ಐದು ಮೆಟ್ಟಿಲಿನ ಬಳೆ. ಕೊಕ್ಕೆ ಸ್ಪ್ಯಾನರ್ ಹಾಕಿ ಮೆಟ್ಟಿಲು ಏರಿಸಿದಷ್ಟೂ ಸ್ಪ್ರಿಂಗ್ ಬಿಗಿ. ಒಬ್ಬನೇ ಓಡಾಡುವವನಿಗೆ ಎರಡು ಸಾಕು, ಹೆಂಡತಿ ಮತ್ತು ಗಂಟುಮೂಟೆ ಕೂರಿಸಿಕೊಂಡು ಹೋಗುವವನಿಗೆ ನಾಲ್ಕು ಬೇಕು. ಎಷ್ಟೇ ಇರಲಿ, ಎರಡೂ ಕಡೆ ಸಮ ಇರಬೇಕು. ಇಲ್ಲವಾದರೆ ತಿರುವಿನಲ್ಲಿ ಬೈಕು ಓಲಾಡಿ ಎಲ್ಲಿಗೆ ಎಸೆಯುತ್ತದೋ ಹೇಳಲಾಗದು. ಅದಕ್ಕೇ ಎಡಕ್ಕೆ ಗಂಡ, ಬಲಕ್ಕೆ ಹೆಂಡತಿ ಕೂರುತ್ತಿದ್ದರು. ಅವನು "ನಾಲ್ಕು" ಅಂತ ಕೂಗಬೇಕು, ಅವಳು ತಿರುಗಿಸಿ "ನಾಲ್ಕು" ಅನ್ನಬೇಕು. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು.

ಆದರೆ ಈ ಗಂಡ ಹೆಂಡಿರಿಗೆ ಒಂದು ಕೆಟ್ಟ ಚಾಳಿ. ಜಗಳವಾದರೆ ಬೈದು ಮುಗಿಸುವವರಲ್ಲ, ಮಾತು ಬಿಡುವವರು. "ಊಟಕ್ಕೆ ಬರಬೇಕಂತೆ" ಅಂತ ಅವಳು ಗೋಡೆಗೆ ಹೇಳುವುದು, "ಹಸಿವಿಲ್ಲವಂತೆ" ಅಂತ ಇವನು ಕಂಪ್ರೆಸರಿಗೆ ಹೇಳುವುದು. ನಗು ಬರುತ್ತದೆ, ಅಲ್ಲವೇ? ನೋಡುವವರಿಗೆ ಬರುತ್ತದೆ.

ಮದುವೆಯಾದ ಮಗಳು ಗಂಡನ ಜೊತೆ ಬಂದು ನಾಲ್ಕು ದಿನ ಇದ್ದು ಹೊರಟಿದ್ದಳು. ಬಸ್ಸಿಗೆ ಹೋಗಲಿ ಅಂತ ತಾಯಿ, ಬೈಕಿಗೇನು ಧಾಡಿ ಅಂತ ತಂದೆ. ಅಷ್ಟಕ್ಕೇ ಮಾತು ನಿಂತು ಎರಡು ದಿನವಾಗಿತ್ತು. ಹೊರಡುವ ಬೆಳಿಗ್ಗೆ ಇಬ್ಬರೂ ಅಳಿಯನ ಬೈಕಿನ ಅತ್ತಿತ್ತ ಕೂತರು. ಅವನು ಬಳೆಯ ಮಣ್ಣು ಕೆರೆದು, ಎಣ್ಣೆ ಬಿಟ್ಟು, ಎಡಗಡೆ ನಾಲ್ಕಕ್ಕೆ ಏರಿಸಿದ. ಕೂಗಲಿಲ್ಲ. ಗೊತ್ತಿದ್ದದ್ದೇ ತಾನೇ, ಅವಳೂ ಏರಿಸುತ್ತಾಳೆ ಅಂದುಕೊಂಡ. ತಲೆ ಎತ್ತಿ ಆ ಕಡೆ ನೋಡಿದರೆ ಸೋತ ಹಾಗಲ್ಲವೇ! ಸರಿ, ಮಗಳು ಅಳಿಯ ಚೀಲ ಕಟ್ಟಿದರು, ಟಾಟಾ ಮಾಡಿದರು, ಹೊರಟರು. ಮುಂದೆ ಇಳಿಜಾರು ರಸ್ತೆ, ಹನ್ನೊಂದು ತಿರುವು.

ಕಾಲು ಗಂಟೆ ಕಳೆದಿರಬೇಕು. ತನ್ನ ಸ್ಪ್ಯಾನರ್ ಒರೆಸಿ ಮೊಳೆಗೆ ಹಾಕಲು ಹೋದವನು ಹಾಗೇ ನಿಂತ. ಪಕ್ಕದ ಮೊಳೆಯಲ್ಲಿ ಅವಳ ಸ್ಪ್ಯಾನರಿನ ಮೇಲೆ ನಿನ್ನೆಯ ಧೂಳು ಹಾಗೇ ಕೂತಿತ್ತು.

"ಏ, ನಿನ್ನ ಕಡೆ ಎಷ್ಟಕ್ಕಿಟ್ಟೆ?"

ಎರಡು ದಿನದ ಮೇಲೆ ಮೊದಲ ಮಾತು. ಅವಳು ಗೋಡೆಯನ್ನು ಹುಡುಕಲಿಲ್ಲ, ನೇರ ಅವನನ್ನೇ ನೋಡಿದಳು. "ನೀವು ಕೂಗಲೇ ಇಲ್ಲವಲ್ಲ. ಎರಡಿತ್ತು, ಎರಡೇ ಬಿಟ್ಟೆ. ಬರೀ ನಟ್ಟು ನೋಡಿದೆ." ಆಮೇಲೆ ಅವಳ ಮುಖ ಬಿಳಿಚಿಕೊಂಡಿತು. "ನೀವು ಏರಿಸಿದ್ರಾ?"

ಅವನು ಮಗಳಿಗೆ ಫೋನ್ ಹಚ್ಚಿದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದ, ಎತ್ತಲಿಲ್ಲ. ಅಂಗಡಿಯ ಬಾಗಿಲೂ ಎಳೆಯದೆ ಸ್ಕೂಟರ್ ಹತ್ತಿದ, ಅವಳು ಹಿಂದೆ ಕೂತಳು.

ಅವನು ಅಷ್ಟು ಜೋರಾಗಿ ಹೋದದ್ದು ಹುಟ್ಟಿದ ಮೇಲೆ ಅದೇ ಮೊದಲು. ಹೆಂಡತಿಯ ಉಗುರು ಹೆಗಲಿಗೆ ನಾಟಿತ್ತು. "ಬೇಗ ಹೋಗ್ರೀ, ನನ್ನ ಬಗ್ಗೆ ಯೋಚನೆ ಬಿಡಿ, ಬೇಗ ಹೋಗಿ!" ಮೂರನೇ ತಿರುವಿನ ತಡೆಗೋಡೆಯ ಮೇಲೆ ಉದ್ದಕ್ಕೆ ಹೊಸದಾಗಿ ಗೀಚಿದ ಗುರುತು. ಕೆಳಗೆ ಇಂಡಿಕೇಟರಿನ ಕಿತ್ತಳೆ ಬಣ್ಣದ ಚೂರುಗಳು. ಅವನು ಸ್ಕೂಟರ್ ನಿಲ್ಲಿಸಿದ. ಗೋಡೆಯಾಚೆ ಬಗ್ಗಿ ನೋಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಕಡೆಗೆ ಅವಳೇ ಇಳಿದು ನೋಡಿದಳು. ಕೆಳಗೆ ಬರೀ ಪೊದೆ. "ಇಲ್ಲಿಲ್ಲ" ಅಂದಳು, ಅಳುತ್ತಲೇ ಹತ್ತಿದಳು.

ಏಳನೇ ತಿರುವಿನಲ್ಲಿ ಸಿಕ್ಕರು. ಬೈಕು ಸ್ಟ್ಯಾಂಡಿನ ಮೇಲಿತ್ತು. ಅಳಿಯ ಅದರ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಮಗಳು ಕಲ್ಲಿನ ಮೇಲೆ ಕೂತು ತರಚಿದ ಮೊಣಕೈಗೆ ನೀರು ಹಾಕಿಕೊಳ್ಳುತ್ತಿದ್ದಳು.

"ಹತ್ತಬೇಡಿ! ಬಲಗಡೆ ಎರಡರಲ್ಲೇ ಇದೆ!" ಸ್ಕೂಟರ್ ನಿಲ್ಲಿಸುವ ಮೊದಲೇ ಅವನು ಕಿರುಚಿದ.

"ಗೊತ್ತಪ್ಪ" ಅಂದಳು ಮಗಳು.

"ಗೊತ್ತು ಅಂದ್ರೆ?"

"ಅಂಗಡಿಯಲ್ಲೇ ಗೊತ್ತಾಯ್ತು. ಅಮ್ಮ ಸ್ಪ್ಯಾನರ್ ಮುಟ್ಟಲಿಲ್ಲ. ನಿಧಾನಕ್ಕೆ ಇಳಿದು ಕೆಳಗಿನ ಗ್ಯಾರೇಜಲ್ಲಿ ಸರಿ ಮಾಡಿಸಿಕೊಳ್ಳೋಣ ಅಂತಿದ್ದೆ. ಮೂರನೇ ತಿರುವಲ್ಲಿ ಗೋಡೆಗೆ ಉಜ್ಜಿತು, ಫೋನ್ ಚೀಲದೊಳಗೇ ಉಳೀತು."

"ಅಲ್ಲೇ ಬಾಯಿ ಬಿಡೋಕೆ ನಿಂಗೇನು ರೋಗ? ಸತ್ತು ಹೋಗ್ತಿದ್ರಲ್ಲೇ!"

ಅವನು ಹಾಗೆ ಕೂಗಿದ್ದಕ್ಕೆ ಮಗಳು ಕಲ್ಲಿನಿಂದೆದ್ದು ಒಂದು ಮಾರು ಹಿಂದೆ ಸರಿದಳು. ಅಳಿಯ ಎದ್ದು ನಿಂತ.

"ಹೆದರಿಕೆ ಆಯ್ತು" ಅಂದಳು. "ನೀವಿಬ್ರೂ ಮಾತು ಬಿಟ್ಟಾಗ ನಡುವೆ ಬಾಯಿ ಹಾಕಿದ್ರೆ ನನ್ನ ಜೊತೆನೂ ಬಿಡ್ತೀರಿ. ನಾನು ಮೂರನೇ ಕ್ಲಾಸಲ್ಲಿದ್ದಾಗ ಒಂದು ವಾರ ಬಿಟ್ಟಿದ್ರಲ್ಲ, ನೆನಪಿಲ್ವಾ?"

ಅವನಿಗೆ ನಿಜಕ್ಕೂ ನೆನಪಿರಲಿಲ್ಲ. ಎಷ್ಟು ಯೋಚಿಸಿದರೂ ಅಂಥದ್ದೊಂದು ವಾರ ತಲೆಗೆ ಬರಲಿಲ್ಲ. ಹುಡುಗಿ ಏನೋ ಹೇಳುತ್ತಿದ್ದಾಳೆ, ನೀನಾದರೂ ಹೇಳು ಅನ್ನುವ ಹಾಗೆ ಹೆಂಡತಿಯ ಕಡೆ ತಿರುಗಿದ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಅವಳಿಗೆ ನೆನಪಿತ್ತು.